ಆಗ್ನೇಯಕ್ಕೆ ಹೊರಟ ಬಿಸಿಗಾಳಿ ಇನ್ನೂ ತಲುಪಿಲ್ಲ

ಮಂದಾನಿಲ ಗೃಹಯಂತ್ರ ಕಂಪನಿಯ ವ್ಯವಸ್ಥಾಪಕರಿಗೆ, ಚಳ್ಳಕೆರೆಯಿಂದ ಓಂಕಾರಮೂರ್ತಿ ಮಾಡುವ ಒದ್ದೆ ಕೈಗಳ ನಮಸ್ಕಾರಗಳು.

ಮಾನ್ಯರೇ,

ಕಳೆದ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ತಮ್ಮ ಮೆಕ್ಯಾನಿಕ್ ನಾಗಭೂಷಣ ಅವರು ನಮ್ಮ ಬಟ್ಟೆ ಒಣಗಿಸುವ ಯಂತ್ರಕ್ಕೆ ಬಿಸಿಗಾಳಿ ಹೊರಹೋಗುವ ಪೈಪು ಜೋಡಿಸಿದರು. ಯಂತ್ರವಿರುವುದು ನೈಋತ್ಯದ ಗೋಡೆಗೆ ಒರಗಿ. ಅಲ್ಲೊಂದು ತೂತು ಕೊರೆದಿದ್ದರೆ ಎರಡು ಅಡಿ ಪೈಪಿನಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ಅವರು ಡ್ರಿಲ್ ಕೆಳಗಿಟ್ಟು, "ಬಿಸಿ ಅಂದ್ರೆ ಅಗ್ನಿ ಅಲ್ವಾ ಸಾರ್, ಅದು ಆಗ್ನೇಯದಾಗೇ ಹೋಗ್ಬೇಕು. ಇಲ್ಲಿ ತೂತು ಹೊಡೆದ್ರೆ ಮನೆಗೆ ಒಳ್ಳೇದಾಗಲ್ಲ" ಎಂದರು. ನನ್ನ ಹೆಂಡತಿ ಬಸವಲಿಂಗಮ್ಮ ಆ ಮಾತಿಗೆ ಮೆಚ್ಚಿ ನಾಗಭೂಷಣ ಅವರಿಗೆ ಎರಡನೇ ಲೋಟ ಚಹಾ ತಂದುಕೊಟ್ಟಳು. ಅಲ್ಲಿಗೆ ನನ್ನ ಮಾತು ಮುಗಿಯಿತು.

ಈಗ ಮೂವತ್ತೆರಡು ಅಡಿಯ, ಏಳು ತಿರುವುಗಳ ಪೈಪು ಅಡುಗೆಮನೆಯನ್ನು ಹಾದು, ದೇವರಮನೆಗೆ ಭಕ್ತಿಯಿಂದ ಪ್ರದಕ್ಷಿಣೆ ಹಾಕಿ ಆಗ್ನೇಯ ಮೂಲೆಯನ್ನು ಸೇರಿದೆ. ಪೈಪು ಸೇರಿತು, ಗಾಳಿ ಸೇರಲಿಲ್ಲ. ತುದಿಯಲ್ಲಿ ಊದುಬತ್ತಿ ಹಿಡಿದರೆ ಹೊಗೆ ನೆಟ್ಟಗೆ ಮೇಲಕ್ಕೇ ಹೋಯಿತು. ಆದರೆ ದೇವರಮನೆಯ ಹಿಂದೆ ಒಂದು ಜೋಡಣೆ ಬಿಟ್ಟುಕೊಂಡಿರುವುದರಿಂದ ಅಲ್ಲಿ ಮಾತ್ರ ಗಾಳಿ ಧಾರಾಳ. ಗುರುವಾರದ ಪೂಜೆಯಲ್ಲಿ ಬಟ್ಟಲಿನ ವಿಭೂತಿಯೆಲ್ಲ ಹಾರಿ ಕನ್ನಡಿ, ಫ್ರಿಜ್ಜು, ಬೆಕ್ಕು ಏಕಕಾಲಕ್ಕೆ ಶಿವಭಕ್ತರಾದವು. ಇಂಥ ಸೇವೆ ಬೇರೆ ಯಾವ ಕಂಪನಿಯಿಂದ ಸಾಧ್ಯ? 1994ರಲ್ಲಿ ತಾವು ಮಾರಿದ ಫ್ಯಾನು ಚಾವಣಿಯ ಜೇಡಗಳಿಗಷ್ಟೇ ತಂಪು ನೀಡುತ್ತಿದ್ದುದನ್ನೂ ನಾನು ಮರೆತಿಲ್ಲ.

ವಿಷಯ ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ನಮ್ಮೂರಿನಲ್ಲಿ ಈ ವಾರ ಎಂದೂ ಇಲ್ಲದ ಜಡಿಮಳೆ. ಪಕ್ಕದ ಮನೆಯ ಕ್ಯಾತಮ್ಮನವರ ಮಗಳು ಸ್ವಪ್ನಳಿಗೆ ಸೋಮವಾರ ನಿಶ್ಚಿತಾರ್ಥ. ಅಜ್ಜನ ಕಾಲದ ಕರಿ ಕಂಬಳಿ ಹಾಸಿ, ಹಿರಿಯರು ಅದರ ಮೇಲೆ ಕೂತ ಹೊರತು ಅವರಲ್ಲಿ ಎಲೆ ಅಡಿಕೆ ಕೈ ಬದಲಾಗುವುದಿಲ್ಲ. ಒಗೆದ ಕಂಬಳಿ ಒಣಗದೆ ಅವರು ಪೇಚಾಡುತ್ತಿದ್ದಾಗ, "ನಮ್ಮ ಯಂತ್ರ ಇದೆ, ಕೊಡಿ" ಎಂದು ಎದೆ ತಟ್ಟಿಕೊಂಡು ಇಸಿದುಕೊಂಡವನು ನಾನು. ಆರು ಸಲ ತಿರುಗಿಸಿದ ಮೇಲೂ ಅದನ್ನು ಹಿಂಡಿದರೆ ಚೊಂಬು ತುಂಬುತ್ತದೆ. ನಿನ್ನೆ ಕ್ಯಾತಮ್ಮನವರು ಪೈಪಿನ ಉದ್ದಕ್ಕೂ ನಡೆದು ನೋಡಿ, "ಅಲ್ರೀ ಸ್ವಾಮಿ, ಇಷ್ಟು ಸುತ್ತಿದ್ರೆ ನನ್ಗೇ ಉಸ್ರು ಕಟ್ತೈತೆ, ಗಾಳಿಗೆ ಕಟ್ಟಲ್ವಾ? ನಮ್ ಕುರಿ ರೊಪ್ಪದಾಗೆ ಇದ್ಕಿಂತ ಚೆಂದಾಗಿ ಗಾಳಿ ಆಡ್ತೈತೆ" ಎಂದರು. ತಮ್ಮ ಎಂಜಿನಿಯರುಗಳನ್ನು ಆ ಕುರಿದೊಡ್ಡಿಗೆ ತರಬೇತಿಗೆ ಕಳುಹಿಸಬಹುದು.

ತಮ್ಮ ಕೈಪಿಡಿಯ ಆರನೇ ಪುಟದಲ್ಲೇ, ಪೈಪು ಆದಷ್ಟು ಗಿಡ್ಡವಾಗಿ, ನೇರವಾಗಿ, ಒಳಗೆ ನುಣುಪಾಗಿ ಇರಬೇಕು, ತುದಿಗೆ ಜಾಲರಿ ಹಾಕಿದರೆ ಬಟ್ಟೆಯ ಜುಂಗು ಕಟ್ಟಿಕೊಳ್ಳುತ್ತದೆ ಎಂದು ಬರೆದಿದೆ. ಅಶೋಕ ಚಕ್ರವರ್ತಿ ಜಟಿಂಗ ರಾಮೇಶ್ವರದ ಬಂಡೆಯ ಮೇಲೆ ಬರೆಸಿದ್ದನ್ನು ಓದಲು ಎರಡು ಸಾವಿರ ವರ್ಷಗಳ ನಂತರವೂ ಜನ ಬೆಟ್ಟ ಹತ್ತುತ್ತಾರೆ. ತಮ್ಮ ಆರನೇ ಪುಟವನ್ನು ತಮ್ಮ ಮೆಕ್ಯಾನಿಕ್ ಕೂತಲ್ಲೇ ಓದುವುದಿಲ್ಲ.

ಆದ್ದರಿಂದ ಸೋಮವಾರದೊಳಗೆ ನೈಋತ್ಯದ ಗೋಡೆಗೆ ತೂತು ಕೊರೆಸಬೇಕೆಂದು ಕೋರುತ್ತೇನೆ. ಅದು ಶಾಸ್ತ್ರಕ್ಕೆ ವಿರುದ್ಧವೆನಿಸಿದರೆ ಆಗ್ನೇಯ ದಿಕ್ಕನ್ನೇ ಯಂತ್ರದ ಹಿಂದಕ್ಕೆ ವರ್ಗಾಯಿಸಿ, ಆದೇಶದ ಪ್ರತಿಯನ್ನು ಬಸವಲಿಂಗಮ್ಮನಿಗೆ ಕಳುಹಿಸಿ. ಅದೂ ಆಗದಿದ್ದರೆ ಮನೆಯನ್ನೇ ತಿರುಗಿಸಿಕೊಡಿ; ಬಾಗಿಲು ಮಾತ್ರ ಪೂರ್ವಕ್ಕೇ ಇರಲಿ.

ಮಂಗಳವಾರದಿಂದ ಹಸಿಯಾಗಿಯೇ ಉಳಿದಿರುವ
ತಮ್ಮ ವಿಶ್ವಾಸಿ,
ಓಂಕಾರಮೂರ್ತಿ

ವಿ.ಸೂ.: ಕಂಬಳಿ ಒಣಗದಿದ್ದರೆ ಬೀಗರು ಯಾವುದರ ಮೇಲೆ ಕೂರಬೇಕು ಎಂದು ಕ್ಯಾತಮ್ಮನವರು ಕೇಳುತ್ತಿದ್ದಾರೆ. ಈ ಪ್ರಶ್ನೆಗೆ ತಾವು ಫೋನಿನಲ್ಲಲ್ಲ, ಸೋಮವಾರ ಹತ್ತು ಗಂಟೆಗೆ ಅವರ ಅಂಗಳಕ್ಕೇ ಬಂದು, ಎರಡೂ ಕಡೆಯ ಹಿರಿಯರೆದುರು ಬಹಿರಂಗವಾಗಿ ಉತ್ತರಿಸಬೇಕು. ನಿಂತುಕೊಂಡೇ ಉತ್ತರಿಸಬೇಕಾದೀತು, ಹಾಸಲು ಏನೂ ಇರುವುದಿಲ್ಲ.