ಆತ್ಯಾ ಕತ್ತರಿಸಿದ ಮದುವೆ ಆಲ್ಬಮ್

ನಮ್ಮ ಆತ್ಯಾ ಮಧ್ಯಾಹ್ನದ ಹೊತ್ತಿನಲ್ಲಿ ಗಲ್ಲಕ್ಕೆ ಕೈಯಿಟ್ಟು ಸುಮ್ಮನೆ ಕುಳಿತಿದ್ದಾರೆಂದರೆ ಮನೆಯ ಯಾವುದೋ ಒಂದು ವಸ್ತುವಿನ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು. ಬೇರೆಯವರ ಮನೆಯಲ್ಲಿ ವಯಸ್ಸಾದವರ ಕೈಗೆ ಸಿಗದಂತೆ ಲಾಡು, ಪೇಢೆ ಬಚ್ಚಿಡುತ್ತಾರಂತೆ. ನಾವು ಗರಗಸ ಬಚ್ಚಿಡುತ್ತೇವೆ!

ಆತ್ಯಾ ಎಂದರೆ ನನ್ನ ಮಾವನವರ ಅಕ್ಕ. ಮದುವೆಯ ಗೊಡವೆಗೆ ಹೋಗದೆ ಸಾಂಗ್ಲಿಯ ಈ ಮನೆಯಲ್ಲೇ ಇದ್ದು, ಅರಿಷಿಣದ ವ್ಯಾಪಾರ ಮಾಡುವ ತಮ್ಮನನ್ನೂ ಅವರ ಜೊತೆಗೆ ಅರ್ಧ ಪೇಟೆಯನ್ನೂ ಹೆದರಿಸಿಟ್ಟವರು. ನಾನು ಧಾರವಾಡದವಳು. ಸೊಸೆಯಾಗಿ ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಹಿತ್ತಿಲಿನಿಂದ 'ಕರ್ರ್, ಕರ್ರ್' ಎಂಬ ಸದ್ದು ಕೇಳಿಸಿತು. ಹೋಗಿ ನೋಡುತ್ತೇನೆ, ನನ್ನ ತವರಿನವರು ಕೊಟ್ಟ ಸಾಗವಾನಿಯ ಊಟದ ಕುರ್ಚಿಯನ್ನು ಬೋರಲು ಹಾಕಿ, ಅದರ ಮೇಲೆ ಒಂದು ಮೊಣಕಾಲೂರಿ, ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಆತ್ಯಾ ಅದರ ಕಾಲು ಕೊಯ್ಯುತ್ತಿದ್ದಾರೆ!

"ಆತ್ಯಾ... ಕುರ್ಚಿ..." ಎಂದೆ.

"ಹೂಂ, ಕುರ್ಚೀನ. ಕಟಗಿ ಭಾಳ ಚಲೋ ಐತಿ. ನಿಮ್ಮಪ್ಪಗ ಹೇಳು."

"ಆದ್ರ ಯಾಕ್ರಿ?"

"ಮಿರಜಿನ ಸಾಳ್ಯಾಗ ಒಂದ್ ಕೂಸು ಐತಿ. ಕುರ್ಚಿ ಮ್ಯಾಲ ಕುಂದರಿಸಿದ್ರ ಕಾಲು ಜೋತಾಡ್ತಾವ. ಕಾಲು ನೆಲಕ್ಕ ಹತ್ತಲಿಲ್ಲಂದ್ರ ಮೈ ನಿಲ್ಲೂದಿಲ್ಲ. ಮೈ ನಿಲ್ಲಲಿಲ್ಲಂದ್ರ ಕೈ ಹೆಂಗ ಬರೀಬೇಕು? ನೀ ಜೋಕಾಲಿ ಮ್ಯಾಲ ಕುಂತು ಹೆಸರು ಬರದು ತೋರ್ಸು ನೋಡೂಣು!"

ಮೊದಲ ಕುರ್ಚಿ ಅಳತೆ ತಪ್ಪಿ ತೀರಾ ಗಿಡ್ಡವಾಯಿತು. ಅದನ್ನು ಮನೆಯಲ್ಲೇ ಉಳಿಸಿ, ಎರಡನೆಯದನ್ನು ಸರಿಯಾಗಿ ಕೊಯ್ದು ಶಾಲೆಗೆ ಒಯ್ದರು. ಮುಂದೆ ನನ್ನ ಅಣ್ಣ ಬಂದಾಗ ಗೊತ್ತಿಲ್ಲದೆ ಆ ಗಿಡ್ಡ ಕುರ್ಚಿಯಲ್ಲಿ ಕುಳಿತುಬಿಟ್ಟ. ಹೋಳಿಗೆ ಬಡಿಸಲು ಬಂದ ನಮ್ಮತ್ತೆ ಮೇಜಿನ ಆಚೆ ಯಾರೂ ಕಾಣದೆ, "ಅಯ್ಯ, ಬೀಗರು ಸಿಟ್ಟಾಗಿ ಎದ್ದು ಹೋದ್ರೇನ?" ಎಂದು ಬಾಗಿಲಿನವರೆಗೆ ಓಡಿದರು!

ಇಷ್ಟಕ್ಕೂ ಮಿರಜಿನ ಆ ವಿಶೇಷ ಮಕ್ಕಳ ಶಾಲೆಗೂ ಆತ್ಯಾಗೂ ಗಂಟು ಬಿದ್ದದ್ದು ಹೇಗೆ? ತಮ್ಮ ತಂದೆಯ ಪುಣ್ಯತಿಥಿಗೆಂದು ಅಲ್ಲಿ ಲಾಡು ಹಂಚಲು ಹೋಗಿದ್ದರಂತೆ. ಅಲ್ಲಿಯ ಟೀಚರ್ ಒಂದು ಮಗುವಿಗೆ ಉಣಿಸುತ್ತ, ಇನ್ನೊಂದನ್ನು ಮೊಣಕಾಲಿನಿಂದ ತಡೆದು ಹಿಡಿದು, ಮೂರನೆಯದರ ಶೂ ಕಟ್ಟಲು ಹವಣಿಸುತ್ತಿದ್ದರು. ಆತ್ಯಾ ಡಬ್ಬಿ ಮುಂದೆ ಚಾಚಿದರು. ಆ ಹೆಣ್ಣುಮಗಳು ತಲೆಯೆತ್ತಿ ಹೇಳಿದ್ದಿಷ್ಟೆ: "ಲಾಡು ಭಾಳ ಬರ್ತಾವ್ರಿ ಆಜಿ. ಒಂದ್ ಜೋಡಿ ಕೈ ಇದ್ರ ಕೊಟ್ಟು ಹೋಗ್ರಿ."

ಆತ್ಯಾ ಕೈ ಕೊಟ್ಟರು. ಆದರೆ ಯಾರ ಅಪ್ಪಣೆಯನ್ನೂ ಕೇಳಿ ಕೊಡುವ ಕೈಗಳೇ ಅವು?

ಕೆಲವು ವಾರಗಳಲ್ಲಿ ಆ ಶಾಲೆಯ ಮುಖ್ಯ ಟೀಚರ್ ಮರಾಠಿಯಲ್ಲಿ ಅಕ್ಷರಶಃ ಕಿರುಚುತ್ತ ಫೋನು ಮಾಡಿದರು. ನನಗೆ ಆಗ ಮರಾಠಿ ಅರೆಬರೆ. ನಿಮ್ಮ ಆತ್ಯಾ ನಮ್ಮ ಟೀಚರನ್ನು ಕೂಡಿಹಾಕಿದ್ದಾರೆ ಎಂದಷ್ಟು ತಿಳಿಯಿತು. ನಾನೂ ನನ್ನ ಗಂಡನೂ ರಿಕ್ಷಾ ಹಿಡಿದು ಮಿರಜಿಗೆ ಓಡಿದೆವು. ನೋಡಿದರೆ ಮಾತು ನಿಜ! ಆಟದ ಸಾಮಾನಿನ ಕೋಣೆಗೆ ಬೀಗ ಬಿದ್ದಿದೆ. ಬೀಗದ ಕೈ ಆತ್ಯಾನ ಸೊಂಟದಲ್ಲಿದೆ. ಅವರು ಮಕ್ಕಳ ನಡುವೆ ಕುಳಿತು ಸಾವಕಾಶವಾಗಿ ಮಣಿ ಪೋಣಿಸುತ್ತಿದ್ದಾರೆ.

"ಆತ್ಯಾ, ಏನ್ ಮಾಡೀರಿ ಇದು!" ಎಂದು ನನ್ನ ಗಂಡ ಚೀರಿದರು.

"ಏನ್ ಮಾಡೇನಿ? ಅಕಿ ಊಟದ ಡಬ್ಬಿ ಬಿಚ್ಚಿದ ಕೂಡ್ಲೆ ಯಾರಾರ ಕರೀತಾರ. ದಿನಾ ಹಂಗs ಡಬ್ಬಿ ಮನಿಗೆ ಒಯ್ತಾಳ. ಅದಕ್ಕ ಡಬ್ಬಿ ಸಮೇತ ಒಳಗ ಹಾಕೇನಿ."

ಮುಖ್ಯ ಟೀಚರ್ ಬೀಗದ ಕೈ ಕಸಿದುಕೊಂಡು ಬಾಗಿಲಿನತ್ತ ಧಾವಿಸಿದರು. ಆಗ ಒಳಗಿನಿಂದ ಒಂದು ದೀನ ಸ್ವರ ಕೇಳಿಸಿತು: "ಮೇಡಂ, ಇಷ್ಟರಾಗ ತೆಗೀಬ್ಯಾಡ್ರಿ! ಇನ್ನೂ ಮಜ್ಜಿಗಿ ಅನ್ನ ಉಳದೈತಿ!"

ಅಂದಿನಿಂದ ಆ ಶಾಲೆಯಲ್ಲಿ ಪ್ರತಿಯೊಬ್ಬ ಟೀಚರಿಗೂ ಪಾಳಿಯ ಮೇಲೆ ಊಟದ ಬಿಡುವು ಸಿಗುತ್ತದೆ. ಒಳಗಿನಿಂದ ಚಿಲಕ, ಹೊರಗೆ ಆತ್ಯಾನ ಕಾವಲು. ಮುಖ್ಯ ಟೀಚರಿಗೂ ಪಾಳಿ ತಪ್ಪಿಲ್ಲ!

ಆಮೇಲೆ ರಿಕ್ಷಾದವರ ಸರದಿ. ಹಾರ್ನ್ ಕೇಳಿದರೆ ಕಿವಿ ಮುಚ್ಚಿಕೊಂಡು ನೆಲಕ್ಕೆ ಕೂರುವ ಮಕ್ಕಳು ಅಲ್ಲಿ ಕೆಲವರಿದ್ದಾರೆ. ಆತ್ಯಾ ಶಾಲೆಯ ಓಣಿಯ ಬಾಯಲ್ಲಿ ಕೊಡೆ ಅಡ್ಡ ಹಿಡಿದು ನಿಂತು, ಬಂದ ಬಂದ ರಿಕ್ಷಾದವರಿಗೆಲ್ಲ ಹಾರ್ನ್ ಬಾರಿಸಕೂಡದೆಂದು ಕಟ್ಟಪ್ಪಣೆ ಮಾಡಿದರು. ಒಬ್ಬ ಗಡ್ಡದ ರಿಕ್ಷಾದವನು ಕೈಮುಗಿದು ಕೇಳಿದನಂತೆ: "ಆಜಿ, ಬ್ರೇಕ್ ಆದ್ರೂ ಹಾಕ್ಲೇನ್ರಿ?"

ಇಲ್ಲಿಯವರೆಗೆ ನಗುತ್ತ ಹೇಳಿದೆ. ಆಲ್ಬಮ್ಮಿನ ವಿಷಯಕ್ಕೆ ಬಂದರೆ ಮಾತ್ರ ನನಗೆ ಅಂದು ನಗು ಬರಲಿಲ್ಲ.

ಸಮಡೋಳಿಯಿಂದ ನೆಂಟರು ಬಂದಿದ್ದರು. ಮದುವೆಯ ಫೋಟೋ ನೋಡೋಣ ಎಂದರು. ನಾನು ಹೆಮ್ಮೆಯಿಂದ ದಪ್ಪನೆಯ ಆಲ್ಬಮ್ ತಂದು ಅವರ ಮುಂದೆ ಬಿಚ್ಚಿದೆ. ಮೊದಲ ಪುಟದಲ್ಲೇ ನನ್ನ ಗಂಡ ಹಾರ ಹಿಡಿದು ನಿಂತಿದ್ದಾರೆ, ತಲೆಯಿಲ್ಲ! ಎದುರಿಗೆ ನಾನಿದ್ದೇನೆ, ಕಿವಿಯ ಜಾಗದಲ್ಲಿ ಚೌಕಾಕಾರದ ತೂತು! ಊಟದ ಪಂಕ್ತಿಯಲ್ಲಿ ಎಲೆಗಳಿವೆ, ಉಣ್ಣುವವರ ಬಾಯಿಗಳಿಲ್ಲ. ನನ್ನನ್ನು ಕಳಿಸಿಕೊಡುವ ಹೊತ್ತಿನ ಚಿತ್ರದಲ್ಲಿ ಅವ್ವ ಯಾರನ್ನೋ ಅಪ್ಪಿಕೊಂಡು ಅಳುತ್ತಿದ್ದಾಳೆ. ಆ ಯಾರೋ ಎಂದರೆ ನಾನು, ಕುತ್ತಿಗೆಯಿಂದ ಕೆಳಗೆ ಮಾತ್ರ! ನೆಂಟರು ಒಬ್ಬರ ಮುಖವನ್ನೊಬ್ಬರು ನೋಡಿದರು. ಒಬ್ಬಾಕೆ ಮೆಲ್ಲಗೆ, "ಮಾಟ ಗೀಟ ಏನರ...?" ಎಂದಳು.

"ಮಾಟ ಅಲ್ಲ, ಕತ್ರಿ," ಎಂದರು ಆತ್ಯಾ, ಚಹಾದ ತಟ್ಟೆ ಇಳಿಸುತ್ತ. "ಮಾಲಗಾಂವದ ಒಂದ್ ಹುಡುಗಿ ಬಾಯಿ ಬಿಟ್ಟು ಒಂದ್ ಮಾತ ಆಡೂದಿಲ್ಲ. ಬೇಕಾದ್ದು ತೋರ್ಸಾಕ ಅಕಿಗೆ ಚಿತ್ರ ಬೇಕಾಗಿದ್ವು."

"ಚಿತ್ರದ ಪುಸ್ತಕ ಸಿಗ್ತಾವಲ್ರಿ ಪ್ಯಾಟ್ಯಾಗ!" ನಾನು ಆಲ್ಬಮ್ಮನ್ನು ನೆಂಟರ ಮುಂದಿನಿಂದ ಎಳೆದುಕೊಂಡೆ.

"ತಂದು ಕೊಟ್ಟೇವಿ. ಕೈಲೆ ಬರದ ಚಿತ್ರ ಅಕಿಗೆ ತಿಳಿಯೂದಿಲ್ಲ. ಖರೇ ಮುಖ ಬೇಕು. ನಿಮ್ಮ ಮದಿವ್ಯಾಗ ಇದ್ದಷ್ಟು ಮುಖ ಎಲ್ಲಿ ಸಿಗಬೇಕು ಹೇಳು? ಒಂದs ದಿನದಾಗ ಅತ್ತೀರಿ, ನಕ್ಕೀರಿ, ಜಗಳಾಡೀರಿ, ತಿಂದೀರಿ!"

ಆ ರಾತ್ರಿ ನಾನು ಉಣ್ಣಲಿಲ್ಲ. ಮರುದಿನ ಮಧ್ಯಾಹ್ನ ಆತ್ಯಾ ಹೊರಟ ರಿಕ್ಷಾದಲ್ಲೇ ನಾನೂ ಹತ್ತಿ ಕುಳಿತೆ. ನನ್ನ ಫೋಟೋಗಳನ್ನು ವಾಪಸು ತರುವುದೆಂದು ನಿಶ್ಚಯಿಸಿದ್ದೆ. ದಾರಿಯುದ್ದಕ್ಕೂ ಆತ್ಯಾ ಮಡಿಲಲ್ಲಿದ್ದ ಚೀಲವನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಆ ಹುಡುಗಿ ಕಿಟಕಿಯ ಹತ್ತಿರ ಕುಳಿತಿದ್ದಳು. ಎರಡು ಜಡೆ, ಮಣಿಕಟ್ಟಿನ ಮೇಲೆ ಹಲ್ಲಿನ ಹಳೆಯ ಗಾಯಗಳು. ಕೊರಳಲ್ಲಿ ದಾರಕ್ಕೆ ಪೋಣಿಸಿದ ಪ್ಲಾಸ್ಟಿಕ್ ಹೊದಿಕೆಯ ಚಿತ್ರಗಳ ಗೊಂಚಲು. ಅದರಲ್ಲಿ ನನ್ನ ಸಂಸಾರವೆಲ್ಲ ನೇತಾಡುತ್ತಿತ್ತು! ಬಾಯಿ ತುಂಬ ಬುಂದಿ ಲಾಡು ತುರುಕಿಕೊಂಡ ನನ್ನ ಗಂಡ ಎಂದರೆ 'ಹಸಿವು'. ಫೋಟೋಗ್ರಾಫರನ ಮೇಲೆ ಕಣ್ಣು ಕೆಂಪಗೆ ಮಾಡಿದ ಮಾವನವರು 'ಸಿಟ್ಟು'. ಮೂಗು ಕೆಂಪೇರಿಸಿಕೊಂಡ ನಾನು 'ಅಳು'.

ಟೀಚರ್ ಸಂಕೋಚದಿಂದ ಎದ್ದು ಬಂದರು. "ನಿಮ್ಮನ್ನ ಕೇಳಿ ಕೊಯ್ದಾರಂತ ತಿಳಿದಿದ್ದೆ ತಾಯಿ. ತಪ್ಪಾತು. ಆದ್ರ ಒಂದ್ ಮಾತು ಹೇಳ್ತೇನಿ, ಆಮ್ಯಾಲ ನೀವು ಎಲ್ಲಾ ಬಿಚ್ಚಿಕೊಂಡು ಹೋಗ್ರಿ." ಅವರು ಗೊಂಚಲಿನಿಂದ ಒಂದು ಚೂರನ್ನು ಹಿಡಿದು ತೋರಿಸಿದರು. ಜುಮಕಿ ಇಟ್ಟ ನನ್ನ ಕಿವಿ. "ಈ ಹುಡುಗಿ ಗೋಡಿಗೆ ತಲಿ ಬಡ್ಕೋತಿದ್ಲು, ಕೈ ಕಚ್ಕೋತಿದ್ಲು. ಹಟಾ ಅಂದ್ವಿ, ಸಿಟ್ಟು ಅಂದ್ವಿ. ಮನ್ನೆ ಇದನ್ನ ತಂದು ನನ್ನ ಕೈಯಾಗ ಇಟ್ಟು, ತನ್ನ ಕಿವಿ ಹಿಡಕೊಂಡ್ಲು. ದವಾಖಾನಿಗೆ ಒಯ್ದು ತೋರ್ಸಿದ್ರ ಒಳಗೆಲ್ಲಾ ಕೀವು. ಎಂದಿಂದ ನೋಯ್ತಿತ್ತೋ, ಯಾರಿಗ್ಗೊತ್ತು?"

ಕಿವಿಯೊಳಗೆ ಕೀವು ತುಂಬಿಕೊಂಡ ಮಗುವಿಗೆ, ಹಟ ಮಾಡಬೇಡ ಎಂದು ಎಲ್ಲರೂ ಬುದ್ಧಿ ಹೇಳುತ್ತಿದ್ದರು! ಕಿವಿ ನೋಯುತ್ತದೆ ಎಂದು ಹೇಳಲು ಎರಡು ಮಾತಿಲ್ಲದೆ ಅದು ಗೋಡೆಗೆ ತಲೆ ಬಡಿದುಕೊಳ್ಳುತ್ತಿತ್ತು!

ಅಷ್ಟರಲ್ಲಿ ಹುಡುಗಿ ಎದ್ದು ನನ್ನ ಮುಂದೆ ಬಂದು ನಿಂತಳು. ನನ್ನ ಮುಖವನ್ನೇ ನೋಡಿದಳು. 'ಅಳು' ಚಿತ್ರವನ್ನೆತ್ತಿ ನನ್ನ ಕೆನ್ನೆಯ ಪಕ್ಕ ಹಿಡಿದು ಹೋಲಿಸಿದಳು. ಯಾಕೋ ಸರಿಬೀಳಲಿಲ್ಲ. ಅದನ್ನು ಬಿಟ್ಟು ಗೊಂಚಲಲ್ಲಿ ಹುಡುಕಿ, ನನ್ನ ಮಾವನವರನ್ನು ಎತ್ತಿ ಹಿಡಿದಳು. ಸಿಟ್ಟು!

ಆತ್ಯಾ ಗೊಳ್ಳೆಂದು ನಕ್ಕರು. "ನೋಡು, ಎಷ್ಟು ಬರೋಬರಿ ಹೇಳಿದ್ಲು!" ನನಗೂ ತಡೆಯಲಾಗಲಿಲ್ಲ. ನಗಹೋಗಿ ಕಣ್ಣು ತುಂಬಿತು. ಹುಡುಗಿ ಗಲಿಬಿಲಿಗೊಂಡು ಎರಡೂ ಚಿತ್ರಗಳನ್ನು ಒಟ್ಟಿಗೆ ಹಿಡಿದಳು.

ಶಾಲೆ ಬಿಡುವ ಹೊತ್ತಾಯಿತು. ಆತ್ಯಾ ಚೀಲದಿಂದ ಹೊಸದೊಂದು ಚಿತ್ರ ತೆಗೆದು ಹುಡುಗಿಯ ಕೊರಳ ದಾರಕ್ಕೆ ಪೋಣಿಸಿದರು. ಇದು ನನ್ನ ಆಲ್ಬಮ್ಮಿನದಲ್ಲ. ತಲೆಗೆ ಸೆರಗು ಹೊದ್ದ, ಬಿಸಿಲಿಗೆ ಕಂದಿದ ಮುಖದ ಒಬ್ಬ ಹೆಂಗಸು. ಮಾಲಗಾಂವದ ದ್ರಾಕ್ಷಿ ತೋಟದಲ್ಲಿ ದುಡಿಯುವ ಆ ಹುಡುಗಿಯ ತಾಯಿ. ಹಿಂದಿನ ದಿನ ಆತ್ಯಾ ಅವಳನ್ನು ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ತೆಗೆದಿದ್ದರಂತೆ, ಯಾಕೆಂದು ಹೇಳಿರಲಿಲ್ಲ.

ತಾಯಿ ಗೇಟಿನ ಬಳಿ ಬಂದು ನಿಂತಳು, ಎಂದಿನಂತೆ ಮಗಳನ್ನು ಕೈಹಿಡಿದು ಕರೆದೊಯ್ಯಲು. ಹುಡುಗಿ ಅವಳನ್ನು ಕಂಡಳು. ಕೊರಳಿನ ಚಿತ್ರವನ್ನು ಕಂಡಳು. ಮತ್ತೆ ಗೇಟನ್ನು ನೋಡಿದಳು. ಯಾರೂ ಹೇಳಿಕೊಡಲಿಲ್ಲ. ಅವಳೇ ಆ ಚಿತ್ರವನ್ನು ಹಿಡಿದು ತಲೆಯ ಮೇಲಕ್ಕೆ ಎತ್ತಿದಳು.

ತಾಯಿಗೆ ಏನೂ ತಿಳಿಯಲಿಲ್ಲ.

"ಏ ತಂಗೀ!" ಆತ್ಯಾ ಒರಟಾಗಿ ಕೂಗಿದರು. "ನಿನ್ನ ಮಗಳು ಅವ್ವಾ ಅಂತ ಕರ್ಯಾಕ ಹತ್ಯಾಳ. ಓ ಅನ್ನು!"

ಆ ಹೆಂಗಸು ಗೇಟಿನ ಸರಳನ್ನು ಹಿಡಿದುಕೊಂಡಳು. ಅವಳ ಬಾಯಿಂದ ಮೊದಲು ಉಸಿರಷ್ಟೇ ಬಂತು. ಆಮೇಲೆ, ಹೊಲದ ಆ ತುದಿಯಿಂದ ಯಾರೋ ಕರೆದರೆ ಓಗೊಡುವಂತೆ, ಇಡೀ ಓಣಿಗೆ ಕೇಳುವಂತೆ, "ಓ... ನನ್ನವ್ವಾ!" ಎಂದಳು.

ಹುಡುಗಿ ಚಿತ್ರವನ್ನು ಇಳಿಸಿ, ಮತ್ತೆ ಎತ್ತಿದಳು.

"ಓ...!"

ಮತ್ತೆ ಎತ್ತಿದಳು.