ಮೇಪಲ್ ಗಿಡಕ್ಕೆ ಹೆಸರಿಟ್ಟ ಜಾಣರು

ನಮ್ಮ ನರ್ಸರಿಗೆ ಜಾಣರು ಬರುವುದು ತಪ್ಪಿದ ವಾರವಿಲ್ಲ. ಬಂದ ಜಾಣರು ಮರ್ಯಾದೆ ಉಳಿಸಿಕೊಂಡು ಹೋದದ್ದೂ ಇಲ್ಲ.

ನರ್ಸರಿ ಇರುವುದು ಹಾರೋಹಳ್ಳಿ ದಾಟಿ ಕನಕಪುರದ ರಸ್ತೆಯಲ್ಲಿ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಮಗಳನ್ನು ಅಂಗನವಾಡಿಗೆ ಬಿಟ್ಟು ಕೆಲಸಕ್ಕೆ ಬರುತ್ತೇನೆ. ಹೋದ ವರ್ಷ ನರ್ಸರಿಯ ಯಜಮಾನರು ಎಲ್ಲಿಂದಲೋ ನಲವತ್ತು ಜಪಾನೀ ಮೇಪಲ್ ಗಿಡ ತರಿಸಿದರು. ಬೆರಳು ಬಿಡಿಸಿದ ಅಂಗೈಯಂಥ ಎಲೆ, ಎಲ್ಲವೂ ಕಸಿ ಕಟ್ಟಿದ ಮಿಶ್ರತಳಿ. ಒಂದೊಂದಕ್ಕೂ ಕಾಗದದ ಚೀಟಿಯಲ್ಲಿ ಹೆಸರು ಬರೆದು ಕಟ್ಟಿತ್ತು. ಗಿಡ ಬಂದ ದಿನವೇ ಡಿಗ್ರಿ ಓದಿದ ನಮ್ಮ ಸೂಪರ್‌ವೈಸರ್ ಪೈಪು ಹಿಡಿದು ಅವಕ್ಕೆ ತಲೆಯಿಂದ ಸ್ನಾನ ಮಾಡಿಸಿದರು. ಗಿಡ ಉಳಿದವು, ಹೆಸರು ಹರಿದುಹೋದವು.

ಮಾಗಡಿ ಕಡೆ ತೋಟದ ಮನೆ ಕಟ್ಟಿದ ಒಬ್ಬ ಸಾಹೇಬರು ಆ ಗಿಡ ಕೊಳ್ಳುವವರು. ಅವರು ಬರುವಷ್ಟರಲ್ಲಿ ಜಾತಿವಾರು ವಿಂಗಡಿಸಿದರೆ ನೆರಳುಮನೆ ನಿನ್ನ ಉಸ್ತುವಾರಿಗೆ, ಇಲ್ಲವಾದರೆ ಮತ್ತೆ ಬಿಸಿಲಲ್ಲಿ ಕವರಿಗೆ ಮಣ್ಣು ತುಂಬಲು ಹೋಗು ಎಂದು ಯಜಮಾನರು ನನಗೆ ಹೇಳಿದರು. ಎರಡು ವರ್ಷ ಮಣ್ಣು ತುಂಬಿ ನನ್ನ ಸೊಂಟ ನನ್ನ ಮಾತು ಕೇಳುವುದನ್ನೇ ಬಿಟ್ಟಿತ್ತು. ನೆರಳುಮನೆ ಬಿಡುವವಳು ನಾನಲ್ಲ.

ಫೋನಿನ ಪಂಡಿತರು

ಸಾತನೂರಿನ ನನ್ನ ತವರಿನಲ್ಲಿ ಹಿಪ್ಪುನೇರಳೆ ತಳಿ ಬೆರೆಯದಂತೆ ಹಳೇ ಸೀರೆಯ ಚಿಂದಿ ಕಟ್ಟುತ್ತಾರೆ, ಜಾತಿಗೊಂದು ಬಣ್ಣ. ನಾನೂ ಹಾಗೇ ಶುರು ಮಾಡಿದೆ. ಎಲೆಗೆ ಐದು ಬೆರಳೋ ಏಳೋ, ಸೀಳು ಎಷ್ಟು ಆಳ, ಚಿಗುರು ಕೆಂಪೋ ಹಸಿರೋ ನೋಡಿ, ಒಂದೇ ಥರದವಕ್ಕೆ ಒಂದೇ ಬಣ್ಣ.

ಸೂಪರ್‌ವೈಸರ್‌ಗೆ ಇದು ಅವಮಾನವಾಯಿತು. ಫೋನಿನಲ್ಲಿ ಫೋಟೊ ತೆಗೆದರೆ ಹೆಸರು ತಾನೇ ಬರುತ್ತದೆ ಎಂದರು. ಒಂದೇ ಗಿಡಕ್ಕೆ ಬೆಳಿಗ್ಗೆ ಒಂದು ಹೆಸರು ಬಂತು, ಮಧ್ಯಾಹ್ನ ಇನ್ನೊಂದು, ಸಂಜೆ ಮತ್ತೊಂದು. ಮೂರನ್ನೂ ಬರೆದು ಕಟ್ಟಿ, ಇದು ಮೂರು ತಳಿ ಬೆರೆತ ಗಿಡ ಎಂದು ತೀರ್ಪು ಕೊಟ್ಟರು.

"ಹಂಗಾರೆ ರಾತ್ರಿ ಫೋಟೊ ತೆಗೀಬೇಡಿ ಸಾರ್. ಇನ್ನೊಬ್ಬ ಅಪ್ಪ ಬಂದ್ಬುಟ್ಟಾನು" ಎಂದೆ.

ಯಜಮಾನರ ತಾಯಿಯ ಹೆಸರು

ಆಮೇಲೆ ಬೆಂಗಳೂರಿನಿಂದ ಟೋಪಿ ಹಾಕಿದ ತಜ್ಞರೊಬ್ಬರು ಬಂದರು. ಒಂದು ಗಿಡದ ಮುಂದೆ ಹೋಗಿ ಕೈಮುಗಿಯುವುದೊಂದು ಬಾಕಿ. ಬುಡದಲ್ಲಿ ಅಗಲ ಹಸಿರೆಲೆ, ಮೇಲೆ ದಾರದಂಥ ಕೆಂಪೆಲೆ. ತಾಯಿ ತಂದೆ ಇಬ್ಬರ ಗುಣವೂ ಬೇರೆಬೇರೆಯಾಗಿ ಕಾಣುವ ಅಪರೂಪದ ಮಿಶ್ರತಳಿ ಎಂದರು. ಯಜಮಾನರು ಹಿಗ್ಗಿ ಅದಕ್ಕೆ ತೀರಿಕೊಂಡ ತಮ್ಮ ತಾಯಿಯ ಹೆಸರಿಟ್ಟು, ಬೋರ್ಡನ್ನೂ ಬರೆಸಿದರು.

ಮಾರನೇ ದಿನ ನಾನು ಆ ಹಸಿರು ಕೊಂಬೆಯನ್ನು ಚಿವುಟಿ ಬಿಸಾಡಿದೆ. ಯಜಮಾನರು ಓಡಿ ಬಂದರು. ನಿಮ್ಮ ತೋಟದ ಮಾವಿನ ಸಸಿಯಲ್ಲಿ ಕಸಿಯ ಗಂಟಿನ ಕೆಳಗೆ ಇದೇ ಥರ ಕಾಡುಗಿಡ ಚಿಗುರಿದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಮುರಿದು ಹಾಕ್ತೀನಿ ಎಂದರು.

"ಮತ್ತೆ ಅದಕ್ಕ್ಯಾಕೆ ಅಮ್ಮಾವ್ರ ಹೆಸರಿಡಲಿಲ್ಲ ಸಾರ್?"

ಬೋರ್ಡು ಈಗ ಕೋಳಿಗೂಡಿನ ಬಾಗಿಲು.

ಅತ್ತೆಯ ಪರೀಕ್ಷೆ

ಹೋಲಿಸಿ ನೋಡಲು ನಾಲ್ಕು ಎಲೆ ಮನೆಗೆ ಒಯ್ದಿದ್ದೆ. ರೇಷ್ಮೆಹುಳ ತಿನ್ನುತ್ತದೆಯೇ ಎಂದು ಅತ್ತೆ ಕೇಳಿದರು. ಇಲ್ಲ ಎಂದೆ. ಹಸು? ಇಲ್ಲ. ಹಣ್ಣು ಬಿಡುತ್ತದೆಯೇ? ತಿನ್ನುವಂಥದ್ದಲ್ಲ. ಮತ್ತೇನು ಮಾಡುತ್ತದೆ ಎಂದಾಗ, ಕೆಂಪಗೆ ಕಾಣುತ್ತದೆ ಎಂದೆ.

"ಅಷ್ಟಕ್ಕೆ ಗಿಡ ಯಾಕವ್ವ? ನನ್ ಮಗನ ಕಣ್ಣು ನೋಡ್ಕೊ, ವರ್ಸವೆಲ್ಲ ಕೆಂಪ್ಗೇ ಇರ್ತವೆ."

ಮಾಗಡಿಯ ಅಸಲಿ ಗಿಡ

ಕೊನೆಗೆ ಮಾಗಡಿ ಸಾಹೇಬರು ಹೆಂಡತಿಯ ಜೊತೆ ಬಂದರು, ಕೈಯಲ್ಲೊಂದು ಕೆಂಪು ಕೊಂಬೆ. ತಮ್ಮ ತೋಟದಲ್ಲಿ ಅಸಲಿ ಜಪಾನೀ ಮೇಪಲ್ ಮೂರು ಬೇಸಿಗೆ ತಡೆದಿದೆ, ಸುತ್ತ ಕಲ್ಲುಬೆಂಚು ಹಾಕಿಸಿದ್ದೇನೆ, ಇದನ್ನು ಹೋಲದ್ದೆಲ್ಲ ನಕಲಿ ಎಂದರು. ನಮ್ಮ ನಲವತ್ತರಲ್ಲಿ ಒಂದೂ ಹೋಲಲಿಲ್ಲ. ಸೂಪರ್‌ವೈಸರ್ ಹೌದು ಸಾರ್, ಹೌದು ಸಾರ್ ಎನ್ನುತ್ತಾ ನನ್ನ ಚಿಂದಿಗಳನ್ನು ಬಿಚ್ಚತೊಡಗಿದರು. ಯಜಮಾನರು ನನ್ನ ಮುಖ ನೋಡದೆ, ನಾಳೆಯಿಂದ ಮಣ್ಣಿನ ಕಡೆ ಹೋಗಮ್ಮ ಎಂದರು.

ನಾನು ಆ ಕೊಂಬೆ ಇಸಿದುಕೊಂಡೆ. ಮೇಪಲ್ ಎಲೆ ಜೋಡಿ ಜೋಡಿಯಾಗಿ ಎದುರುಬದುರು ಕೂರುತ್ತದೆ. ಇಲ್ಲಿ ಒಂದು ಎಡಕ್ಕೆ, ಒಸಿ ಮೇಲೆ ಇನ್ನೊಂದು ಬಲಕ್ಕೆ. ಹೂ ಬಿಡುತ್ತದೆಯೇ ಎಂದು ಕೇಳಿದೆ. ದಾಸವಾಳದಂಥ ಹೂವು, ಅದೇ ಇದರ ವಿಶೇಷ ಎಂದರು. ನಾನು ಎರಡು ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ಅಗಿದೆ. ಯಜಮಾನರು ಗಾಬರಿಯಾಗಿ ನೀರಿನ ಬಾಟಲಿ ಹುಡುಕಿದರು.

"ಇದು ದಾಸವಾಳದ ಕುಲದ ಹುಳಿಸೊಪ್ಪು ಸಾರ್. ಬೇಳೆ ಹಾಕಿ ಬೇಯ್ಸಿದ್ರೆ ಚೆಂದಾಗಿರ್ತದೆ."

ಯಜಮಾನರೂ ಒಂದೆಲೆ ಅಗಿದರು. ಮುಖ ಹಿಂಡಿಕೊಂಡು, ಆ ಚಿಂದಿಗಳನ್ನು ಇದ್ದಂಗೇ ಕಟ್ಟಪ್ಪ, ನೆರಳುಮನೆ ಇವಳದೇ ಎಂದು ಸೂಪರ್‌ವೈಸರ್‌ಗೆ ಹೇಳಿದರು. ಮಾಗಡಿ ಸಾಹೇಬರು ಮಾತ್ರ ಒಪ್ಪಲಿಲ್ಲ. ಜಪಾನಿನ ಗಿಡವನ್ನು ಯಾರಾದರೂ ತಿನ್ನುತ್ತಾರೇನಮ್ಮ ಎಂದು ನನ್ನ ಮೇಲೆ ರೇಗಿದರು.

ಅವರ ಹೆಂಡತಿಯೂ ಒಂದೆಲೆ ಅಗಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದರು: "ಮೂರು ವರ್ಷದಿಂದ ಅಡುಗೆಯವಳು ವಾರಕ್ಕೆರಡು ಸಲ ಅದನ್ನೇ ಕಿತ್ತು ಸಾರು ಮಾಡ್ತಿರೋದು ಕಣ್ರೀ. ಮುದ್ದೆಗೆ ಚೆನ್ನಾಗಿದೆ ಅಂತ ನೀವೇ ಎರಡೆರಡು ಸಲ ಹಾಕಿಸ್ಕೊಂಡು ಉಂಡಿದ್ದೀರಿ."