ಹಾಜರಿದ್ದೂ ಗೈರಾದವನಿಂದ ಹೆಬ್ಬೆಟ್ಟಿನ ಯಂತ್ರಕ್ಕೆ

ಹೆಬ್ಬೆಟ್ಟು ಹಾಜರಿ ಯಂತ್ರದವರ ಸನ್ನಿಧಾನಕ್ಕೆ,
ಮುಂಬಾಗಿಲ ಎಡಗೋಡೆ, ಅಂತರರಾಷ್ಟ್ರೀಯ ಶಾಲೆ,
ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆ, ಬಸವನಗುಡಿ.

೧೪ ನವೆಂಬರ್ ೨೦೦೮

ಮಾನ್ಯರೇ,

ತಮ್ಮ ಕೆಂಪು ದೀಪ ಸದಾ ಬೆಳಗುತ್ತಿರಲಿ, ಕರೆಂಟು ತಮಗೆ ಎಂದೂ ಕೈಕೊಡದಿರಲಿ ಎಂದು ಹಾರೈಸಿ, ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಚಾಮರಾಜಪೇಟೆಯ ಪ್ರೌಢಶಾಲೆಯೊಂದರಲ್ಲಿ ಮೂವತ್ತಾರು ವರ್ಷ ವಿಜ್ಞಾನವನ್ನೂ ಗಣಿತವನ್ನೂ ಬೋಧಿಸಿ ನಿವೃತ್ತನಾದ ನಾನು, ಮನೆಯಲ್ಲಿ ಕುಳಿತು ದಿನಪತ್ರಿಕೆಯ ಅಚ್ಚಿನ ತಪ್ಪುಗಳನ್ನು ತಿದ್ದಿ ತಿದ್ದಿ ಬೇಸತ್ತು, ಕಳೆದ ವಿಜಯದಶಮಿಯಂದು ತಾವು ದ್ವಾರಪಾಲಕರಾಗಿರುವ ಶಾಲೆಗೆ ಅದೇ ವಿಷಯಗಳ ಹೊಸ ಶಿಕ್ಷಕನಾಗಿ ಸೇರಿದೆನೆಂಬುದು ನನ್ನ ತಿಳಿವಳಿಕೆ. ಮರುದಿನದಿಂದ ನಾನು ಬಂದೇ ಇಲ್ಲವೆಂಬುದು ತಮ್ಮ ತಿಳಿವಳಿಕೆ. ಇವೆರಡರಲ್ಲಿ ಸರಿಯಾದುದನ್ನು ಆರಿಸಿರೆಂದಿದ್ದರೆ ನನ್ನ ಏಳನೆಯ ತರಗತಿಯ ಮಕ್ಕಳು ಸರಿಯಾಗಿಯೇ ಆರಿಸುತ್ತಿದ್ದರು. ಆಡಳಿತ ಮಂಡಳಿ ಮಾತ್ರ ತಮ್ಮ ಉತ್ತರಕ್ಕೇ ಪೂರ್ಣಾಂಕ ಕೊಟ್ಟಿತು. ಮೊದಲ ಇಪ್ಪತ್ತು ದಿನಗಳ ಹಾಜರಿ ಶೇಕಡ ತೊಂಬತ್ತಕ್ಕೆ ಕಡಿಮೆಯಾದರೆ ನೇಮಕಾತಿ ತಾನಾಗಿಯೇ ರದ್ದಾಗುವುದೆಂದು ನನ್ನ ಆದೇಶಪತ್ರದಲ್ಲಿ ಬರೆದಿದೆ.

ತಮ್ಮ ಮೇಲೆ ಅಪವಾದ ಹೊರಿಸುವುದು ನನ್ನ ಉದ್ದೇಶವಲ್ಲ. ಶಾಲೆ ಅಂತರರಾಷ್ಟ್ರೀಯವಾದ್ದರಿಂದ ಅದಕ್ಕೆ ದಸರಾ ರಜೆ ಇಲ್ಲ. ಆದರೆ ಆಯಾ ಆಗಿರುವ ಶ್ರೀರಾಂಪುರದ ಅಕ್ಕಯಮ್ಮನವರಿಗೆ ಆಯುಧಪೂಜೆ ಇದೆ. ನಾನು ಸೇರುವ ಹಿಂದಿನ ಸಂಜೆ ಅವರು ಶಾಲೆಯ ಬಸ್ಸಿಗೂ ನೀರಿನ ಮೋಟಾರಿಗೂ ಪೂಜೆ ಮಾಡಿ, ವಾರದ ಹಿಂದಷ್ಟೇ ಗೋಡೆಯೇರಿದ್ದ ತಮ್ಮನ್ನೊಬ್ಬರನ್ನೇ ಬಿಟ್ಟರೆ ಭೇದಭಾವವಾದೀತೆಂದು, ಹಣೆಯಂತೆ ಹೊಳೆಯುತ್ತಿದ್ದ ತಮ್ಮ ಗಾಜಿಗೆ ಮೂರು ಬೆರಳಿನಿಂದ ಗಂಧ ಎಳೆದು, ನಡುವೆ ಕುಂಕುಮವಿಟ್ಟರು. ಉಳಿದವರೆಲ್ಲರ ಬೆರಳು ಅದಾಗಲೇ ದಾಖಲಾಗಿತ್ತು. ಮರುದಿನ ಬೆಳಿಗ್ಗೆ ದಾಖಲಾದದ್ದು ನನ್ನ ಹೆಬ್ಬೆಟ್ಟೊಂದೇ. ತಾವು ನನ್ನ ಬೆರಳಿನ ಗೆರೆಗಳ ಜೊತೆಗೆ ಅಕ್ಕಯಮ್ಮನವರ ಗಂಧದ ಗೆರೆಗಳನ್ನೂ ಸೇರಿಸಿ, ಇವನೇ ವರದರಾಜನೆಂದು ಶ್ರದ್ಧೆಯಿಂದ ಕಂಠಪಾಠ ಮಾಡಿದಿರಿ. ಅದೇ ಮಧ್ಯಾಹ್ನ ಯಾರೋ ಒದ್ದೆ ಬಟ್ಟೆಯಿಂದ ಗಾಜು ಒರೆಸಿದರು. ಅಂದಿನಿಂದ ನಾನು ತಮಗೆ ಅಪರಿಚಿತ.

ಪ್ರತಿದಿನ ಬೆಳಿಗ್ಗೆ ತಾವು ಹೆಣ್ಣುದನಿಯಲ್ಲಿ, ಇಂಗ್ಲಿಷಿನಲ್ಲಿ, ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ ಎನ್ನುತ್ತಿದ್ದಿರಿ. ಆ ಮಾತನ್ನು ನಾನೂ ಮೂವತ್ತಾರು ವರ್ಷ ಹೇಳಿದ್ದೇನೆ. ಆದರೆ ಎಲ್ಲಿ ತಪ್ಪಿತೆಂದು ತೋರಿಸದೆ ಯಾರಿಗೂ ಹೇಳಿದವನಲ್ಲ.

ತಮ್ಮ ಆರೋಗ್ಯ ವಿಚಾರಿಸಲು ಕಲಾಸಿಪಾಳ್ಯದ ಅಂಗಡಿಯಿಂದ ಮೆಕ್ಯಾನಿಕ್ ಮುರುಗೇಶ ಬಂದರು. ಅವರ ಅಪ್ಪಣೆಯಂತೆ ನಾನು ಬೆರಳನ್ನು ತೊಳೆದೆ, ಊದಿದೆ, ತಲೆಗೆ ಉಜ್ಜಿದೆ. ತಾವು ಒಲಿಯಲಿಲ್ಲ. ಕೊನೆಗೆ ಅವರು, "ಮೆಷಿನ್ ಸುಳ್ಳು ಹೇಳಲ್ಲ ಸಾರ್, ನಿಮ್ ಬೆರಳೇ ಚೇಂಜ್ ಆಗಿರ್ಬೇಕು," ಎಂದು ತೀರ್ಪಿತ್ತರು. ಹಾಗಾದರೆ ಹೊಸದಾಗಿ ದಾಖಲಿಸಿರೆಂದು ಕೇಳಿಕೊಂಡೆ. ಹಳೆಯದನ್ನು ಅಳಿಸದೆ ಹೊಸದು ಆಗದಂತೆ. ಹಳೆಯದನ್ನು ಅಳಿಸಲು ಹಳೆಯ ವರದರಾಜರೇ ಬಂದು ಹೆಬ್ಬೆಟ್ಟು ಒತ್ತಬೇಕಂತೆ. ಆ ಮಹನೀಯರನ್ನು ನಾನೂ ಹುಡುಕುತ್ತಿದ್ದೇನೆ.

ಇದಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಬೇರೆ. ಹತ್ತು ವರ್ಷಗಳ ಹಿಂದೆ ಶ್ರೀರಾಂಪುರದ ವಯಸ್ಕರ ಶಿಕ್ಷಣದ ತರಗತಿಯಲ್ಲಿ ಅಕ್ಕಯಮ್ಮನವರ ಕೈಹಿಡಿದು ರುಜು ಹಾಕುವುದನ್ನು ಕಲಿಸಿದವನು ನಾನೇ. ಮೊನ್ನೆ ಒಂದು ಬೆಳಿಗ್ಗೆ ಅವರು ಕಸಪೊರಕೆ ನಿಲ್ಲಿಸಿ, ನನ್ನನ್ನೂ ತಮ್ಮನ್ನೂ ನೋಡಿ, "ಅಲ್ಲಾ ಮೇಷ್ಟ್ರೇ, ಹೆಬ್ಬೆಟ್ಟು ಒತ್ತೋದು ಅವಮಾನ ಅಂತ ನನ್ ಕೈಲಿ ಮುನ್ನೂರ್ ಸಲ ಹೆಸ್ರು ಬರ್ಸಿದ್ರಲ್ಲ, ಈಗ ನೀವೇ ಒತ್ತೋಕ್ ನಿಂತಿದೀರ," ಎಂದರು. ನಾನು ಮತ್ತೊಮ್ಮೆ ಬೆರಳು ಒತ್ತಿ ತರಗತಿಗೆ ಹೋದೆ.

ಇಪ್ಪತ್ತನೆಯ ದಿನ, ಕೆಟ್ಟದ್ದು ಪೂಜೆಯಿಂದಾದರೆ ಸರಿಹೋಗುವುದೂ ಪೂಜೆಯಿಂದಲೇ ಎಂದು ತರ್ಕಿಸಿದ ಅಕ್ಕಯಮ್ಮನವರು ಮತ್ತೆ ಗಂಧ ಎಳೆದರು. ನಾನು ಬೆರಳಿಟ್ಟೆ; ಹಸಿರು ದೀಪ, ವರದರಾಜ. ನನ್ನ ಹಿಂದೆ ಬಂದ ಬಸ್ಸಿನ ಚಾಲಕರು ಬೆರಳಿಟ್ಟರು, ವರದರಾಜ. ಸಂಗೀತದ ಶಿಕ್ಷಕಿ, ವರದರಾಜ. ಪ್ರಾಂಶುಪಾಲರಾದ ಶೈಲಜಮ್ಮನವರೂ ವರದರಾಜ. ಅಂದು ಶಾಲೆಗೆ ನಲವತ್ತೊಂದು ವರದರಾಜರು ಬಂದರು, ಬೇರಾರೂ ಬರಲಿಲ್ಲ. ಮೊದಲ ದಿನದ ಒಂದನ್ನು ಕೂಡಿಸಿದರೆ ಇಪ್ಪತ್ತು ದಿನಕ್ಕೆ ನಲವತ್ತೆರಡು ಹಾಜರಿ, ಅಂದರೆ ಶೇಕಡ ಇನ್ನೂರಹತ್ತು. ಇಂಥ ಕರ್ತವ್ಯನಿಷ್ಠೆ ನನ್ನಲ್ಲಿ ಇತ್ತೆಂದು ನನಗೇ ಗೊತ್ತಿರಲಿಲ್ಲ. ಗುರುತಿಸಿದ ತಮಗೆ ನಾನು ಋಣಿ. ಅದೇ ಸಂಜೆ ತಾವು ಪ್ರಾಂಶುಪಾಲರಿಗೆ ಪೂರ್ವಾನುಮತಿಯಿಲ್ಲದ ಗೈರಿಗೆ ಕಾರಣ ಕೇಳಿ ನೋಟಿಸು ಅಚ್ಚುಹಾಕಿದಿರಿ. ಹದಿನೆಂಟು ದಿನ ನಾನು ಹೇಳಿದ್ದು ಅವರಿಗೆ ಆ ಒಂದು ಹಾಳೆಯಿಂದ ಅರ್ಥವಾಯಿತು.

ಇನ್ನು ನನ್ನ ಬೇಡಿಕೆಗಳು. ಹೆಚ್ಚುವರಿಯಾದ ಇಪ್ಪತ್ತೆರಡು ಹಾಜರಿಗಳನ್ನು, ೧೯೭೯ರಲ್ಲಿ ಟೈಫಾಯಿಡ್ ಜ್ವರದಿಂದ ನಾನು ಗೈರಾದ ಇಪ್ಪತ್ತೆರಡು ದಿನಗಳಿಗೆ ದಯಮಾಡಿ ಹೊಂದಿಸಿಕೊಡಬೇಕು. ಉಳಿದ ನಲವತ್ತು ವರದರಾಜರಲ್ಲಿ ಒಬ್ಬರನ್ನಾದರೂ ಉತ್ತರಪತ್ರಿಕೆ ತಿದ್ದಲು ಕಳಿಸಬೇಕು. ಹಾಗೂ ಒಂದು ದಿನ ತಾವು ಗೋಡೆಯಿಂದಿಳಿದು ನನ್ನ ತರಗತಿಯ ಮುಂದಿನ ಬೆಂಚಿನಲ್ಲಿ ಕುಳಿತು, ನಾನು ಬರುತ್ತೇನೋ ಇಲ್ಲವೋ ಕಣ್ಣಾರೆ ನೋಡಬೇಕು.

ಇಂದು ಬೆಳಿಗ್ಗೆ ತಮ್ಮ ಕೆಳಗಿನ ಮೇಜಿನ ಮೇಲೆ ಗೆರೆ ಹಾಕಿದ ಉದ್ದನೆಯ ಪುಸ್ತಕವೊಂದನ್ನು ಇರಿಸಲಾಗಿದೆ. ನನ್ನ ನೇಮಕಾತಿ ಉಳಿದಿದೆ. ಬಾಗಿಲು ತೆರೆಯುವವರು ಅಕ್ಕಯಮ್ಮನವರಾದ್ದರಿಂದ ಮೊದಲ ಸಾಲು ಅವರದು. ನಾಲಿಗೆಯ ತುದಿ ಕಚ್ಚಿಕೊಂಡು, ಕೆಳಗಿನ ಗೆರೆ ಮುಟ್ಟದಂತೆ ನಾಲ್ಕಕ್ಷರ ಬರೆದು, ಪೆನ್ನನ್ನು ನನಗೆ ದಾಟಿಸಿದರು. ನನ್ನ ಹಿಂದೆ ಶೈಲಜಮ್ಮನವರು ಸಾಲಿನಲ್ಲಿ ನಿಂತಿದ್ದರು.

ತಮ್ಮ ವಿಶ್ವಾಸಿ
(ತಮ್ಮ ಎಣಿಕೆಯಂತೆ, ತಮ್ಮ ನಲವತ್ತೊಂದು ವಿಶ್ವಾಸಿಗಳು),
ವರದರಾಜ

ಮರೆತ ಮಾತು: ಮೇಲೆ ರುಜು ಹಾಕಿದ್ದೇನೆ. ಅದನ್ನು ಓದಲು ತಮಗೆ ಅಕ್ಷರ ಬರುವುದಿಲ್ಲವೆಂದು ಅಕ್ಕಯಮ್ಮನವರು ತಿಳಿಸಿದರು. ನಾಚಿಕೊಳ್ಳಬೇಕಾಗಿಲ್ಲ, ಅವರೂ ನಲವತ್ತು ದಾಟಿದ ಮೇಲೆ ಕಲಿತದ್ದು. ಶನಿವಾರ ಸಂಜೆ ಐದಕ್ಕೆ ಶ್ರೀರಾಂಪುರದ ನಮ್ಮ ವಯಸ್ಕರ ತರಗತಿಗೆ ಬನ್ನಿ, ಸ್ಲೇಟು ನಾವೇ ಕೊಡುತ್ತೇವೆ. ತಪ್ಪಾದರೆ ಮತ್ತೊಮ್ಮೆ ಪ್ರಯತ್ನಿಸಬಹುದು. ಎಲ್ಲಿ ತಪ್ಪಿತೆಂದು ಅಕ್ಕಯಮ್ಮನವರು ತೋರಿಸುತ್ತಾರೆ.